ಕಲ್ಲಿನ ಮಡಿಕೆ ಓದುವುದು ಹೇಗೆ? ಧಾರವಾಡ ಶಿಲೆಗಳು ಬಾಗಿ, ಮತ್ತೆ ಬಾಗಿದ ಕಥೆ

ಚಿತ್ರದುರ್ಗ, ಶಿವಮೊಗ್ಗ, ಚಿಕ್ಕಮಗಳೂರು, ಸಂಡೂರು ಕಡೆ ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ ಪದರ ಪದರವಾದ ಕಲ್ಲು ಕಾಣುತ್ತದೆ. ಎಷ್ಟೋ ಕಡೆ ಆ ಪದರಗಳು ನೆಟ್ಟಗೆ ನಿಂತಿರುತ್ತವೆ. ಕೆಲವು ಕಡೆ ಹಾವಿನ ಹಾಗೆ ಸುತ್ತಿಕೊಂಡಿರುತ್ತವೆ. ಇವೆಲ್ಲ ಒಂದು ಕಾಲದಲ್ಲಿ ನೀರಿನ ತಳದಲ್ಲಿ ಕೂತ ಮರಳು, ಕೆಸರು, ಸುಣ್ಣ, ಕಬ್ಬಿಣ. ನೀರಿನ ತಳದಲ್ಲಿ ಕೂರುವ ಮರಳಾಗಲಿ ಕೆಸರಾಗಲಿ ನೆಟ್ಟಗೆ ನಿಲ್ಲುವುದಿಲ್ಲ, ಮಟ್ಟಸವಾಗಿ ಹರಡಿಕೊಳ್ಳುತ್ತದೆ. ಹಾಗಾದರೆ ಇವನ್ನು ಎಬ್ಬಿಸಿ ನಿಲ್ಲಿಸಿದ್ದು ಏನು? ಯಾವಾಗ? ಒಂದೇ ಸಲಕ್ಕೋ, ಹಲವು ಸಲವೋ?

ಈ ಪ್ರಶ್ನೆಗಳಿಗೆ ಉತ್ತರ ಆ ಕಲ್ಲಿನೊಳಗೇ ಇದೆ. ಮಡಿಕೆ ಅಂದರೆ ಕಲ್ಲು ಕೆಟ್ಟುಹೋಗಿದೆ ಅಂತ ಅಲ್ಲ, ಅದು ಕಲ್ಲಿನ ಮೇಲೆ ಬಿದ್ದ ದಾಖಲೆ. ಆದರೆ ಆ ದಾಖಲೆ ಓದಲು ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು. ತಪ್ಪು ಜಾಗದಲ್ಲಿ ನೋಡಿದರೆ ಮೂರು ಸಲ ಮಡಿಸಿದ ಕಲ್ಲು ಕೂಡ ಏನೂ ಆಗದ ಕಲ್ಲಿನ ಹಾಗೆ ಕಾಣುತ್ತದೆ. ಭೂವಿಜ್ಞಾನಿಗಳೇ ಇಲ್ಲಿ ನೂರು ವರ್ಷ ಜಗಳ ಆಡಿದ್ದಾರೆ.

ಮೊದಲು ಇದ್ದದ್ದು ಏನು

ರಾಬರ್ಟ್ ಬ್ರೂಸ್ ಫೂಟ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದಲ್ಲಿದ್ದವರು. ದಕ್ಷಿಣ ಭಾರತದ ಹಳೇ ಶಿಲಾಯುಗದ ಕಲ್ಲಿನ ಆಯುಧವನ್ನು 1863ರಲ್ಲಿ ಮೊದಲು ಗುರುತಿಸಿದವರೂ ಅವರೇ. 1880ರ ದಶಕದಲ್ಲಿ ಅವರು ಈ ಪಟ್ಟಿ ಪಟ್ಟಿಯಾದ ಶಿಲೆಗಳಿಗೆಲ್ಲ ಒಟ್ಟಾಗಿ ಧಾರವಾಡದ ಹೆಸರಿಟ್ಟರು. ಚಿನ್ನ ಇರುವ ಕಲ್ಲುಗಳು ಅನ್ನುವ ಕಾರಣಕ್ಕೂ ಅವು ಆಗ ಸುದ್ದಿಯಲ್ಲಿದ್ದವು.

ಆಮೇಲೆ ಒಂದು ವಿಚಿತ್ರ ಘಟ್ಟ ಬಂತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯನ್ನು ನಡೆಸುತ್ತಿದ್ದ ಡಬ್ಲ್ಯು. ಎಫ್. ಸ್ಮೀತ್, ಇವು ಬಹುಪಾಲು ಲಾವಾ ಮತ್ತು ಬೆಂಕಿಯಿಂದ ಹುಟ್ಟಿದ ಶಿಲೆಗಳೇ, ನೀರಿನಲ್ಲಿ ಕೂತ ಪದರಗಳಲ್ಲ ಅಂದರು. ಹಾಗೆ ಅನ್ನಿಸಲು ಕಾರಣವೂ ಇತ್ತು. ಕಲ್ಲು ಅಷ್ಟು ಹಿಂಡಿ, ಬೆಂದು, ಬದಲಾಗಿತ್ತು. ಆಮೇಲೆ ಬಿ. ರಾಮರಾವ್ ಮತ್ತು ಜೊತೆಯವರು ಬೆಟ್ಟ ಬೆಟ್ಟ ಸುತ್ತಿ ನೋಡಿದಾಗ ಅಲೆಯ ಗುರುತು, ಓರೆ ಪದರ, ದುಂಡಗಿನ ಬೆಣಚುಕಲ್ಲು ಸಿಗುತ್ತಾ ಹೋದವು. ಇವು ನೀರು ಮಾಡಿದ ಕೆಲಸ. ಬೆಂಕಿಗೆ ಇವನ್ನು ಮಾಡಲು ಬರುವುದಿಲ್ಲ.

ಈಗ ನಮಗೆ ಗೊತ್ತಿರುವ ಚಿತ್ರ ಹೀಗಿದೆ. ಸುಮಾರು 290 ಕೋಟಿ ವರ್ಷಗಳ ಹಿಂದೆ ಒಂದು ಹಳೇ ನೆಲದ ಮೇಲೆ ಬೆಣಚಿನ ಉರುಟು ಕಲ್ಲುಗಳು ಹರಡಿದವು. ಚಿಕ್ಕಮಗಳೂರಿನ ಹತ್ತಿರ ಕರ್ತಿಕೆರೆಯಲ್ಲಿ ಈ ಅಡಿಪದರ ಇದೆ. ಅದರ ಮೇಲೆ ಮರಳು, ಲಾವಾ, ಮತ್ತೆ ಮರಳು, ಕೊನೆಗೆ ಕಬ್ಬಿಣದ ಪಟ್ಟೆಗಳು. ಮುಳ್ಳಯ್ಯನಗಿರಿಯ ತುದಿಯಲ್ಲಿ ಇರುವುದು ಈ ಕೊನೇ ಪದರ. ಇದಾದ ಮೇಲೆ ಇನ್ನೊಂದು ದೊಡ್ಡ ಸುತ್ತು ನಡೆಯಿತು. ಚಿತ್ರದುರ್ಗ, ಶಿವಮೊಗ್ಗ, ರಾಣೆಬೆನ್ನೂರು ಕಡೆಯ ಸುಣ್ಣಕಲ್ಲು, ಮ್ಯಾಂಗನೀಸ್, ಕೆಸರು ಮಿಶ್ರಿತ ಮರಳುಗಲ್ಲು ಆ ಸುತ್ತಿನವು. ತುಮಕೂರು ಜಿಲ್ಲೆಯ ದೊಡ್ಡಗುಣಿ, ಶಿವಮೊಗ್ಗದ ಕುಂಸಿಗಳಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಉಬ್ಬುಗಳು, ಅಂದರೆ ಸ್ಟ್ರೊಮಾಟೊಲೈಟ್‌ಗಳು, ಇನ್ನೂ ಉಳಿದಿವೆ. ನಮ್ಮ ನಾಡಿನ ಅತಿ ಹಳೇ ಜೀವದ ಕುರುಹುಗಳು ಅವು. ಇಷ್ಟು ಹಿಂಡಾಟದ ನಂತರವೂ ಅವು ಉಳಿದಿರುವುದೇ ದೊಡ್ಡ ಅಚ್ಚರಿ.

ಗಟ್ಟಿ ಕಲ್ಲು ಬಾಗೋದು ಹೇಗೆ

ಸುತ್ತಿಗೆಯಿಂದ ಹೊಡೆದರೆ ಕಲ್ಲು ಒಡೆಯುತ್ತದೆ, ಬಾಗಲ್ಲ. ಅದೇ ಕಲ್ಲು ನೆಲದ 10–12 ಕಿ.ಮೀ. ಆಳದಲ್ಲಿದ್ದರೆ ಕಥೆ ಬೇರೆ. ಆಳಕ್ಕೆ ಹೋದಂತೆ ಬಿಸಿ ಏರುತ್ತದೆ, ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ. 300 ಡಿಗ್ರಿಯ ಆಸುಪಾಸು ಬೆಣಚು, ಅಂದರೆ ಕ್ವಾರ್ಟ್ಜ್, ಕರಗದೆಯೇ ಮೆತ್ತಗಾಗಿ ಸರಿಯಲು ಶುರು ಮಾಡುತ್ತದೆ. ಹರಳಿನೊಳಗಿನ ಅಣುಸಾಲುಗಳು ಒಂದೊಂದಾಗಿ ಜಾರುತ್ತವೆ. ಮೇಲಿನಿಂದ ಒತ್ತಡ ಎಷ್ಟಿರುತ್ತದೆ ಅಂದರೆ ಬಿರುಕು ಬಿಡಲು ಜಾಗವೇ ಇರಲ್ಲ.

ಇನ್ನೊಂದು ಅಂಶ ಸಮಯ. ಒಂದು ಕಿಲೋಮೀಟರ್ ಉದ್ದದ ಪದರ ವರ್ಷಕ್ಕೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ ಮೊಟಕಾಗುತ್ತಿದೆ ಅಂದುಕೊಳ್ಳಿ. ಭೂಮಿಯ ಆಳದಲ್ಲಿ ಇದು ಮಾಮೂಲಿ ವೇಗ. ಹತ್ತು ವರ್ಷ ಅಲ್ಲೇ ಕೂತರೂ ಕಣ್ಣಿಗೆ ಏನೂ ಕಾಣಲ್ಲ. 10 ಲಕ್ಷ ವರ್ಷ ಕಳೆದರೆ ಆ ಪದರ 300 ಮೀಟರ್ ಕಡಿಮೆಯಾಗಿರುತ್ತದೆ. ಆ 300 ಮೀಟರ್ ಎಲ್ಲೂ ಮಾಯವಾಗಿಲ್ಲ, ಮಡಿಕೆಯಾಗಿದೆ. ಕಲ್ಲು ದಪ್ಪವಾಗಿದೆ, ಎತ್ತರವಾಗಿದೆ. ನಮ್ಮ ಧಾರವಾಡ ಶಿಲೆಗಳ ಲೆಕ್ಕದಲ್ಲಿ 10 ಲಕ್ಷ ವರ್ಷ ಒಂದು ಚಿಟಿಕೆ ಅಷ್ಟೇ.

ಎಲ್ಲ ಪದರಗಳೂ ಒಂದೇ ರೀತಿ ಬಾಗಲ್ಲ. ಇಲ್ಲಿ ಒಂದು ಕಬ್ಬಿಣಶಿಲೆಯ ತುಂಡನ್ನು ಹತ್ತಿರದಿಂದ ನೋಡೋಣ. ಬಾಬಾಬುಡನ್‌ಗಿರಿಯಲ್ಲೋ ಸಂಡೂರಿನಲ್ಲೋ ಸಿಗುವಂಥದ್ದು. ಒಂದು ಪಟ್ಟೆ ಬಿಳಿ ಅಥವಾ ಕೆಂಪು, ಅದು ನಯವಾದ ಬೆಣಚು. ಪಕ್ಕದ ಪಟ್ಟೆ ಕಪ್ಪು, ಮಿರುಗುವ ಕಬ್ಬಿಣದ ಆಕ್ಸೈಡ್. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ. ಅಂಚನ್ನು ನೀರಿನಲ್ಲಿ ಒದ್ದೆ ಮಾಡಿದರೆ ಪಟ್ಟೆಗಳು ಎದ್ದು ಕಾಣುತ್ತವೆ. ಈಗ ಬೆರಳಿಟ್ಟು ಒಂದು ಪಟ್ಟೆಯನ್ನೇ ಹಿಂಬಾಲಿಸಿ. ನೇರ ಹೋಗುತ್ತದೆ, ಥಟ್ಟನೆ ತಿರುಗುತ್ತದೆ, ಬಂದ ದಾರಿಗೇ ಪಕ್ಕದಲ್ಲಿ ವಾಪಸ್ ಬರುತ್ತದೆ. ತಿರುವಿನಲ್ಲಿ ಪಟ್ಟೆ ದಪ್ಪ, ಎರಡು ತೋಳುಗಳಲ್ಲಿ, ಅಂದರೆ ತಿರುವಿನ ಎರಡೂ ಬದಿಗಳಲ್ಲಿ, ತೆಳ್ಳಗೆ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ತೆಳ್ಳನೆ ಪಟ್ಟೆಗಳಲ್ಲಿ ಚಿಕ್ಕ ಚಿಕ್ಕ ಮಡಿಕೆ, ದಪ್ಪ ಪಟ್ಟೆಗಳಲ್ಲಿ ದೊಡ್ಡ ಮಡಿಕೆ.

ಇದು ಆಕಸ್ಮಿಕ ಅಲ್ಲ. ಮೆತ್ತನೆ ಪದರಗಳ ನಡುವೆ ಸಿಕ್ಕಿಬಿದ್ದ ಗಟ್ಟಿ ಪದರವನ್ನು ಎರಡೂ ಕಡೆಯಿಂದ ಒತ್ತಿದರೆ ಅದು ಯಾವ ಅಳತೆಯಲ್ಲಿ ಬಾಗುತ್ತದೆ ಅನ್ನುವುದನ್ನು 1960ರ ಸುಮಾರಿಗೆ ಭೌತವಿಜ್ಞಾನಿ ಮಾರಿಸ್ ಬಯೋ ಲೆಕ್ಕ ಹಾಕಿ ತೋರಿಸಿದರು. ಮಡಿಕೆಯ ಅಗಲ ಪದರದ ದಪ್ಪಕ್ಕೆ ತಕ್ಕ ಹಾಗೆ ಇರುತ್ತದೆ. ಗಟ್ಟಿ ಪದರ ಸುತ್ತಲಿನ ಕಲ್ಲಿಗಿಂತ 50 ಪಟ್ಟು ಬಿಗಿಯಾಗಿದ್ದರೆ, ಒಂದು ಮಡಿಕೆಯಿಂದ ಇನ್ನೊಂದಕ್ಕೆ ಇರುವ ದೂರ ದಪ್ಪದ 13 ಪಟ್ಟು ಹತ್ತಿರ ಬರುತ್ತದೆ. ಒಂದು ಸೆಂಟಿಮೀಟರ್ ಪಟ್ಟೆಗೆ ಗೇಣಿಗಿಂತ ಚಿಕ್ಕ ಮಡಿಕೆ, ಒಂದು ಮೀಟರ್ ಪದರಕ್ಕೆ 13 ಮೀಟರಿನ ಮಡಿಕೆ, ನೂರು ಮೀಟರ್ ಪದರಕ್ಕೆ ಒಂದು ಗುಡ್ಡದಷ್ಟು ಮಡಿಕೆ. ಒಂದೇ ಒತ್ತಡ, ಒಂದೇ ಹೊತ್ತು, ಆದರೆ ಎಲ್ಲ ಗಾತ್ರದ ಮಡಿಕೆಗಳೂ ಒಂದರೊಳಗೊಂದು.

ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ವರ. ಚಿಕ್ಕ ಮಡಿಕೆ ದೊಡ್ಡದರ ನಕಲು. ಅಂಗೈ ಅಗಲದ ಮಡಿಕೆ ಯಾವ ಕಡೆ ವಾಲಿದೆ ಅಂತ ನೋಡಿದರೆ, ಕಣ್ಣಿಗೆ ಕಾಣದಷ್ಟು ದೊಡ್ಡ ಮಡಿಕೆಯ ಯಾವ ತೋಳಿನ ಮೇಲೆ ನಿಂತಿದ್ದೀರಿ ಅಂತ ಗೊತ್ತಾಗುತ್ತದೆ. ಒಂದು ತೋಳಿನಲ್ಲಿ ಚಿಕ್ಕ ಮಡಿಕೆಗಳು ಒಂದು ಕಡೆ ವಾಲಿರುತ್ತವೆ, ಇನ್ನೊಂದು ತೋಳಿನಲ್ಲಿ ಅದರ ಕನ್ನಡಿ ಬಿಂಬದ ಹಾಗೆ ವಾಲಿರುತ್ತವೆ. ನಡುವಿನ ತಿರುವಿನಲ್ಲಿ ಎರಡೂ ಕಡೆ ಸಮ. ಗುಡ್ಡದ ಅಡ್ಡಲಾಗಿ ನಡೆಯುತ್ತಾ ಹೋಗಿ ವಾಲಿಕೆ ಎಲ್ಲಿ ಬದಲಾಯಿತು ಅಂತ ಗುರುತು ಹಾಕಿದರೆ ದೊಡ್ಡ ಮಡಿಕೆಯ ತಿರುವು ನಕ್ಷೆಯಲ್ಲಿ ಬಂದುಬಿಡುತ್ತದೆ.

ಮೇಲು ಯಾವುದು, ಕೆಳಗು ಯಾವುದು

ನೆಟ್ಟಗೆ ನಿಂತ ಪದರಗಳ ಮುಂದೆ ನಿಂತಾಗ ಮೊದಲ ತೊಂದರೆ ಇದು. ಎಡಗಡೆ ಇರುವುದು ಹಳೆಯದೋ, ಬಲಗಡೆ ಇರುವುದೋ? ಕೆಲವು ಕಡೆ ಪದರ ನೆಟ್ಟಗೆ ನಿಂತು ಸುಮ್ಮನಾಗಿಲ್ಲ, ಇನ್ನೂ ಮುಂದಕ್ಕೆ ವಾಲಿ ತಲೆಕೆಳಗಾಗಿದೆ. ಹಳೇದು ಮೇಲೆ, ಹೊಸದು ಕೆಳಗೆ.

ಇದಕ್ಕೆ ಕಲ್ಲಿನಲ್ಲಿ ಉಳಿದ ಸಣ್ಣ ಗುರುತುಗಳೇ ಸಾಕ್ಷಿ. ಹರಿಯುವ ನೀರು ಮರಳನ್ನು ಓರೆಯಾಗಿ ಜೋಡಿಸುತ್ತದೆ. ಆ ಓರೆ ಗೆರೆಗಳು ಕೆಳಗೆ ನಯವಾಗಿ ಬಾಗಿ ತಳಕ್ಕೆ ಸೇರುತ್ತವೆ. ಮೇಲ್ಗಡೆ ಮಾತ್ರ ಮುಂದಿನ ಪ್ರವಾಹ ಅವನ್ನು ಕತ್ತರಿಸಿರುತ್ತದೆ. ಹಾಗಾಗಿ ಕತ್ತರಿಸಿದ ಕಡೆ ಮೇಲು. ರಾಣೆಬೆನ್ನೂರು ಕಡೆಯ ಕೆಸರು ಮರಳುಗಲ್ಲಿನಲ್ಲಿ ಒಂದೊಂದು ಪದರವೂ ತಳದಲ್ಲಿ ದಪ್ಪ ಕಾಳು, ಮೇಲಕ್ಕೆ ಹೋದಂತೆ ನುಣ್ಣಗೆ. ಭಾರದ ಕಾಳು ಮೊದಲು ಕೂರುತ್ತದೆ, ಅಲ್ವಾ? ಹಾಗಾಗಿ ನುಣ್ಣಗಿರುವ ಕಡೆ ಮೇಲು. ಸ್ಟ್ರೊಮಾಟೊಲೈಟ್ ಬೆಳಕಿನ ಕಡೆಗೆ ಉಬ್ಬುತ್ತದೆ, ಹಾಗಾಗಿ ಉಬ್ಬಿದ ಕಡೆ ಮೇಲು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿದ ಲಾವಾ ದಿಂಬಿನಾಕಾರದಲ್ಲಿ ಗಟ್ಟಿಯಾಗಿದೆ. ಅಂಥ ದಿಂಬಿನ ದುಂಡನೆ ಬೆನ್ನು ಮೇಲಕ್ಕೆ, ಚೂಪು ಬಾಲ ಕೆಳಗಿನ ಸಂದಿಗೆ. ಆ ಜಾಗವನ್ನು 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಲಾಯಿತು.

ಈ ಕೆಲಸ ಮಾಡದೆ ಪದರಗಳ ದಪ್ಪ ಅಳೆದರೆ ಭಾರೀ ಮೋಸ ಹೋಗುತ್ತೇವೆ. ಪೂರ್ವದಿಂದ ಪಶ್ಚಿಮಕ್ಕೆ ನಡೆಯುವಾಗ ಬೆಣಚುಗಲ್ಲು, ಸುಣ್ಣಕಲ್ಲು, ಕಬ್ಬಿಣಶಿಲೆ, ಮತ್ತೆ ಸುಣ್ಣಕಲ್ಲು, ಮತ್ತೆ ಬೆಣಚುಗಲ್ಲು ಸಿಕ್ಕಿತು ಅನ್ನಿ. ಐದು ಪದರ ಅಂತ ಲೆಕ್ಕ ಹಾಕುವುದು ಸುಲಭ. ನಿಜವಾಗಿ ಇರುವುದು ಮೂರೇ, ಮಡಿಸಿದ್ದರಿಂದ ಎರಡು ಪದರ ಎರಡು ಸಲ ಸಿಕ್ಕಿವೆ. ಮೇಲು ಯಾವ ಕಡೆ ಅಂತ ಎರಡೂ ಬದಿಯಲ್ಲಿ ನೋಡಿದರೆ ಗುಟ್ಟು ಹೊರಗೆ ಬರುತ್ತದೆ. ಎರಡೂ ಬದಿಯ ಮೇಲ್ಭಾಗ ನಡುವಿನ ಕಬ್ಬಿಣಶಿಲೆಯತ್ತ ಮುಖ ಮಾಡಿದ್ದರೆ ಅದೊಂದು ತಗ್ಗು ಮಡಿಕೆ, ಹೊರಗೆ ಮುಖ ಮಾಡಿದ್ದರೆ ಉಬ್ಬು ಮಡಿಕೆ.

ಬಾಬಾಬುಡನ್‌ಗಿರಿಯ ಸಾಲು ನಕ್ಷೆಯಲ್ಲಿ ಕುದುರೆಲಾಳದ ಆಕಾರದಲ್ಲಿದೆ. ಒಳಗೆ ಜಾಗರ ಕಣಿವೆ. ಅಂಚಿನ ಎತ್ತರದ ಸಾಲು ಬಹುಪಾಲು ಕಬ್ಬಿಣಶಿಲೆಯದು. ಅದು ಸುಲಭಕ್ಕೆ ಸವೆಯಲ್ಲ, ಅದಕ್ಕೇ ಬೆಟ್ಟವಾಗಿ ಉಳಿದಿದೆ. ಆ ಲಾಳದ ಬಾಗು ಮಳೆಗಾಳಿ ಕೊರೆದದ್ದಲ್ಲ, ಪದರಗಳೇ ಬಾಗಿದ್ದು. ಮಳೆಗಾಳಿ ಅದನ್ನು ತೆರೆದು ತೋರಿಸಿತು ಅಷ್ಟೇ.

ತಿರುವಿನಲ್ಲಿ ಹುಡುಕಬೇಕು

ಈಗ ಇಡೀ ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. ಕೆಸರುಗಲ್ಲನ್ನು ಒತ್ತಿ ಬಿಸಿ ಮಾಡಿದಾಗ ಅದರೊಳಗೆ ಹೊಸದಾಗಿ ಅಭ್ರಕ ಹುಟ್ಟುತ್ತದೆ. ನಾವು ಕಾಗೆಬಂಗಾರ ಅನ್ನುವ ಅದೇ ತೆಳು ತಗಡು. ಈ ತಗಡುಗಳು ಒತ್ತಡ ಬಂದ ದಿಕ್ಕಿಗೆ ಅಡ್ಡಲಾಗಿ ಸಾಲಾಗಿ ಮಲಗುತ್ತವೆ. ಆಗ ಕಲ್ಲಿಗೆ ಒಂದು ಹೊಸ ಸೀಳು ಬರುತ್ತದೆ. ಸೀಳು ಅಂದರೆ ಬಿರುಕಲ್ಲ, ಕಲ್ಲು ಸುಲಭವಾಗಿ ಹಾಳೆ ಹಾಳೆಯಾಗಿ ಬಿಡುವ ದಿಕ್ಕು. ಮೂಲ ಪದರ ಒಂದು, ಈ ಸೀಳು ಇನ್ನೊಂದು. ಕೆಸರುಗಲ್ಲು ಹೀಗೆ ಫಿಲೈಟ್ ಆಗಿ, ಇನ್ನೂ ಬೆಂದರೆ ಶಿಸ್ಟ್ ಆಗುತ್ತದೆ.

ಮಡಿಕೆ ಸಡಿಲವಾಗಿದ್ದರೆ ಪದರವೂ ಸೀಳೂ ಬೇರೆ ಬೇರೆ ಕೋನದಲ್ಲಿ ಕಾಣುತ್ತವೆ. ಸೀಳು ಪದರಕ್ಕಿಂತ ಕಡಿದಾಗಿದ್ದರೆ ಪದರ ಸರಿಯಾಗಿ ಕೂತಿದೆ. ಸೀಳಿಗಿಂತ ಪದರವೇ ಕಡಿದಾಗಿದ್ದರೆ ಪದರ ತಲೆಕೆಳಗಾಗಿದೆ. ಒಂದೇ ಸಲ ಮಡಿಸಿದ ಕಲ್ಲಿನಲ್ಲಿ ಈ ಸೂತ್ರ ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಧಾರವಾಡ ಶಿಲೆಗಳ ಮೊದಲ ಮಡಿಕೆ ಸಡಿಲವಾದದ್ದಲ್ಲ. ಎರಡು ತೋಳುಗಳು ಒಂದಕ್ಕೊಂದು ಅಂಟಿಕೊಳ್ಳುವಷ್ಟು ಬಿಗಿ. ಅಂಥ ಮಡಿಕೆಯ ತೋಳುಗಳಲ್ಲಿ ಪದರ, ಸೀಳು ಎರಡೂ ಒಂದೇ ದಿಕ್ಕಿಗೆ ಓಡುತ್ತವೆ. ನೋಡಿದವರಿಗೆ ಒಂದೇ ಗೆರೆ. ಮಡಿಕೆ ಇದೆ ಅನ್ನುವ ಸುಳಿವೇ ಇಲ್ಲ. ಕಿಲೋಮೀಟರುಗಟ್ಟಲೆ ನಡೆದರೂ ಪದರಗಳು ಶಿಸ್ತಾಗಿ ಉತ್ತರ ದಕ್ಷಿಣ ಸಾಲು ನಿಂತಿರುತ್ತವೆ. ಮಡಿಕೆಯ ತಿರುವಿಗೆ ಬಂದಾಗ ಮಾತ್ರ ಪದರ ಬಾಗುತ್ತದೆ, ಸೀಳು ನೇರವಾಗಿ ಅದನ್ನು ಕತ್ತರಿಸಿಕೊಂಡು ಹೋಗುತ್ತದೆ. ಎರಡೂ ಬೇರೆ ಬೇರೆ ಅಂತ ಗೊತ್ತಾಗುವುದು ಅಲ್ಲಿ ಮಾತ್ರ.

ತಿರುವು ಇಡೀ ಮಡಿಕೆಯಲ್ಲಿ ಸಣ್ಣ ಜಾಗ. ಅದು ಮಣ್ಣಿನಡಿ ಹೂತಿರಬಹುದು, ಜೋಳದ ಹೊಲದ ಕೆಳಗಿರಬಹುದು. ಹಾಗಾಗಿಯೇ ಈ ಶಿಲೆಗಳ ಮೊದಲ ಮಡಿಕೆಯನ್ನು ಗುರುತಿಸಲು ಅಷ್ಟು ಕಾಲ ಹಿಡಿಯಿತು. ನೂರು ತೋಳು ಅಳೆಯುವುದಕ್ಕಿಂತ ಒಂದು ತಿರುವು ಸಿಕ್ಕರೆ ಸಾಕು ಅನ್ನುವುದು ಈ ಕೆಲಸದಲ್ಲಿ ಅಕ್ಷರಶಃ ನಿಜ.

ಈಗ ಎರಡನೇ ಸಲ ಮಡಿಸಿದಾಗ ಏನಾಗುತ್ತದೆ ನೋಡೋಣ. ಇಸ್ತ್ರಿ ಮಾಡಿದ ಪಂಚೆಯನ್ನು ಒಮ್ಮೆ ಉದ್ದಕ್ಕೆ ಮಡಿಸಿ ಒತ್ತಿ, ಆಮೇಲೆ ಅಡ್ಡಕ್ಕೆ ಮಡಿಸಿ. ಮೊದಲ ಮಡಿಕೆಯ ಗೆರೆ ಎರಡನೇ ಮಡಿಕೆಯ ಜಾಗದಲ್ಲಿ ಬಾಗಿರುತ್ತದೆ. ಎರಡನೆಯದು ಮೊದಲಿನದರಿಂದ ಬಾಗಿರುವುದಿಲ್ಲ. ಯಾವ ಮಡಿಕೆಯ ಗೆರೆ ಬಾಗಿದೆಯೋ ಅದೇ ಹಳೆಯದು. ಕಲ್ಲಿನಲ್ಲೂ ಇದೇ ನಿಯಮ. ಮೊದಲ ಸೀಳೇ ಮಡಿಕೆಯಾಗಿ ಕಂಡರೆ, ಅದನ್ನು ಮಡಿಸಿದ್ದು ಆಮೇಲಿನ ಘಟನೆ. ಲೆನ್ಸ್ ಹಿಡಿದು ಶಿಸ್ಟ್ ನೋಡಿದರೆ ಅಭ್ರಕದ ಮಿರುಗುವ ಮೈ ಮೇಲೆ ಸಣ್ಣ ಸಣ್ಣ ನಿರಿಗೆಗಳು ಕಾಣುತ್ತವೆ. ಅವು ಎರಡನೇ ಸುತ್ತಿನ ಕೈಬರಹ.

ಎರಡು ಮಡಿಕೆ ಸೇರಿದಾಗ ನೆಲದ ಮೇಲೆ ಮೂಡುವ ಚಿತ್ತಾರಗಳು ಬೇರೆ ಬೇರೆ. ಎರಡೂ ಮಡಿಕೆಗಳು ನೆಟ್ಟಗಿದ್ದು ಒಂದಕ್ಕೊಂದು ಅಡ್ಡ ಬಂದರೆ ಗುಮ್ಮಟ, ತಟ್ಟೆ, ಗುಮ್ಮಟ, ತಟ್ಟೆ. ಮೊದಲ ಮಡಿಕೆ ಮಲಗಿದ್ದು ಎರಡನೆಯದು ಅಡ್ಡ ಬಂದರೆ ಅರ್ಧಚಂದ್ರ, ಅಣಬೆ. ಎರಡರ ಅಕ್ಷ, ಅಂದರೆ ಮಡಿಕೆ ಬಾಗಿದ ಗೆರೆ, ಒಂದೇ ದಿಕ್ಕಿಗಿದ್ದರೆ ಕೊಕ್ಕೆ. ಈ ವಿಂಗಡಣೆಯನ್ನು 1960ರ ದಶಕದಲ್ಲಿ ಬ್ರಿಟಿಷ್ ಭೂವಿಜ್ಞಾನಿ ಜಾನ್ ರಾಮ್ಸೆ ಸ್ಪಷ್ಟ ಮಾಡಿಕೊಟ್ಟರು. ಧಾರವಾಡ ಶಿಲೆಗಳಲ್ಲಿ ಜಾಸ್ತಿ ಸಿಗುವುದು ಕೊಕ್ಕೆ. ಕಬ್ಬಿಣಶಿಲೆಯ ಬಂಡೆಯ ಮೇಲೆ ಒಂದೇ ಒಂದು ಕೊಕ್ಕೆ ಕಂಡರೂ ಸಾಕು, ಅಲ್ಲಿ ಎರಡು ಸಲ ಮಡಿಸಿದೆ ಅಂತ ಧೈರ್ಯವಾಗಿ ಹೇಳಬಹುದು.

ಐಐಟಿ ಖರಗ್‌ಪುರದ ಕೆ. ನಹಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಕರ್ನಾಟಕದ ಹಲವು ಕಡೆ ಇಂಥ ತಿರುವು, ಕೊಕ್ಕೆಗಳನ್ನು ಹುಡುಕಿ ಅಳೆದು ಒಂದು ಕ್ರಮ ಕೊಟ್ಟರು. ಮೊದಲು ಬಿಗಿಯಾದ, ತೋಳು ತೋಳಿಗೆ ಅಂಟಿದ ಮಡಿಕೆ. ಎರಡನೇ ಸಲ ಬಹುಪಾಲು ಅದೇ ಅಕ್ಷದ ಮೇಲೆ ನೆಟ್ಟನೆಯ ಮಡಿಕೆ. ಇವತ್ತು ನಕ್ಷೆಯಲ್ಲಿ ಕಾಣುವ ಉತ್ತರ ದಕ್ಷಿಣದ ಓಟ ಮುಖ್ಯವಾಗಿ ಇದರದು. ಮೂರನೇ ಸಲ ಅಡ್ಡ ದಿಕ್ಕಿಗೆ ಅಗಲವಾದ, ಸಡಿಲವಾದ ಬಾಗು. ಈ ಮೂರನೆಯದು ಚಿಕ್ಕ ಬಂಡೆಯಲ್ಲಿ ಅಷ್ಟಾಗಿ ಕಾಣಲ್ಲ. ಆದರೆ ಇಡೀ ಪಟ್ಟಿಯನ್ನು ನಕ್ಷೆಯಲ್ಲಿ ನೋಡಿದರೆ ಅದು ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ತಗ್ಗಿರುವುದಕ್ಕೆ ಕಾರಣ ಇದೇ.

ಇಷ್ಟೆಲ್ಲ ಹಿಂಡಿದ ಪರಿಣಾಮ ಚಿತ್ರದುರ್ಗದ ಪಟ್ಟಿಯಲ್ಲಿ ಚೆನ್ನಾಗಿ ಕಾಣುತ್ತದೆ. ಗದಗದಿಂದ ಶ್ರೀರಂಗಪಟ್ಟಣದ ಕಡೆಗೆ 400 ಕಿ.ಮೀ.ಗೂ ಜಾಸ್ತಿ ಉದ್ದ, ಅಗಲ ಮಾತ್ರ 50 ಕಿ.ಮೀ. ಒಳಗೆ. ದಕ್ಷಿಣಕ್ಕೆ ಹೋದಂತೆ ಬರೀ ಕೆಲವು ಕಿಲೋಮೀಟರಿಗೆ ಇಳಿಯುತ್ತದೆ. ಅದರ ಪೂರ್ವದ ಅಂಚಿನಲ್ಲಿ ಕಲ್ಲು ಮಡಿಸಿಕೊಳ್ಳುವುದನ್ನೂ ಬಿಟ್ಟು ಪಕ್ಕಕ್ಕೆ ಜಾರಿದೆ. ಆ ಜಾರುವಲಯವೇ ಪಶ್ಚಿಮ ಮತ್ತು ಪೂರ್ವ ಧಾರವಾಡ ಭೂಖಂಡಗಳ ಗಡಿ ಅಂತ ಬಹಳಷ್ಟು ಮಂದಿ ಒಪ್ಪುತ್ತಾರೆ. ಚಿತ್ರದುರ್ಗ ಜಿಲ್ಲೆಯ ತಾಳ್ಯದ ಉಂಡೆಗಲ್ಲು ಪದರದಲ್ಲಿ ದುಂಡಗಿದ್ದ ಕಲ್ಲುಗಳು ಚಪ್ಪಟೆಯಾಗಿ ಎಳೆದಂತೆ ಉದ್ದವಾಗಿವೆ. ದುಂಡಗಿದ್ದದ್ದು ಎಷ್ಟು ಉದ್ದವಾಯಿತು ಅಂತ ಅಳೆದರೆ ಹಿಂಡಿದ್ದು ಎಷ್ಟು ಅನ್ನುವ ಲೆಕ್ಕವೂ ಸಿಗುತ್ತದೆ.

ನೆಲ ಮೊದಲೋ, ಪದರ ಮೊದಲೋ

ನಮ್ಮ ರಾಜ್ಯದ ಬಹುಭಾಗ ಬೂದು ಬಣ್ಣದ ಪಟ್ಟೆ ಬಂಡೆ, ಅಂದರೆ ನೈಸ್. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅದೇ ಜಾತಿಯದು, ವಯಸ್ಸು ಸುಮಾರು 300 ಕೋಟಿ ವರ್ಷ. ಧಾರವಾಡ ಶಿಲೆಗಳು ಇದರ ನಡುವೆ ಪಟ್ಟಿಗಳಾಗಿ ಕೂತಿವೆ. ಯಾವುದು ಮೊದಲು?

ಸ್ಮೀತ್ ಕಾಲದ ಮೈಸೂರಿನವರು ಧಾರವಾಡ ಶಿಲೆಗಳೇ ಮೊದಲು, ನೈಸ್ ಆಮೇಲೆ ಒಳನುಗ್ಗಿದ್ದು ಅಂದರು. ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್ ಮುಂತಾದ ಸರ್ವೇಕ್ಷಣಾಲಯದವರು 1981ರ ಹೊತ್ತಿಗೆ ಇದನ್ನು ತಿರುಗಿಸಿದರು. ಅವರ ಪ್ರಕಾರ ಮೊದಲು ಸರಗೂರು ಶಿಲೆಗಳು ಅನ್ನುವ ಇನ್ನೂ ಹಳೇ ಪದರಗಳು, ಆಮೇಲೆ ನೈಸ್, ಅದರ ಮೇಲೆ ಧಾರವಾಡ ಶಿಲೆಗಳು. ಆದರೆ ನಹಾ ತಂಡದವರು ಒಂದು ತೊಡಕು ತೋರಿಸಿದರು. ಸರಗೂರು, ನೈಸ್, ಧಾರವಾಡ ಮೂರರಲ್ಲೂ ಮಡಿಕೆಗಳ ಕ್ರಮ ಒಂದೇ, ದಿಕ್ಕೂ ಒಂದೇ. ಹಾಗಿದ್ದ ಮೇಲೆ ಇವು ಬೇರೆ ಬೇರೆ ಕಾಲದವು ಅಂತ ಮಡಿಕೆ ನೋಡಿ ಹೇಳುವುದು ಹೇಗೆ?

ನನಗೆ ಇಬ್ಬರೂ ಸರಿ ಅನ್ನಿಸುತ್ತದೆ. ಮಡಿಕೆ ಒಂದೇ ರೀತಿ ಇದೆ ಅಂದರೆ ಅವು ಒಟ್ಟಿಗೆ ಹಿಂಡಿಸಿಕೊಂಡವು ಅಂತ ಅರ್ಥ. ಒಟ್ಟಿಗೆ ಹುಟ್ಟಿದವು ಅಂತ ಅಲ್ಲ. ಹಳೇ ನೆಲ ಕೂಡ ಅದರ ಮೇಲಿನ ಪದರಗಳ ಜೊತೆಗೇ ಬಾಗಿದೆ. ಬಿಗಿಯಾಗಿ ಹಿಂಡಿದಾಗ ಎರಡರ ನಡುವಿನ ಗಡಿಯೂ ಅದೇ ದಿಕ್ಕಿಗೆ ತಿರುಗಿ, ಗುರುತೇ ಸಿಗದ ಹಾಗೆ ಆಗಿದೆ. ಅದರ ಮೇಲೆ, ಜಿರ್ಕಾನ್ ಹರಳಿನ ಯುರೇನಿಯಂ–ಸೀಸ ಲೆಕ್ಕ, ಅಂದರೆ ಹರಳಿನೊಳಗಿನ ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ಅಳೆದು ವಯಸ್ಸು ಹೇಳುವುದು, ವಯಸ್ಸಿನ ಪ್ರಶ್ನೆಯನ್ನು ಬಗೆಹರಿಸಿತು. ಹಾಸನದ ಕಡೆಯ ನೈಸ್ 330 ಕೋಟಿ ವರ್ಷಕ್ಕೂ ಹಳೆಯದು. ಹೊಳೆನರಸೀಪುರದ ಹಳೇ ಮರಳಿನ ಶಿಲೆಗಳಲ್ಲಿ 358 ಕೋಟಿ ವರ್ಷದ ಜಿರ್ಕಾನ್ ಕಾಳುಗಳೂ ಸಿಕ್ಕಿವೆ. ಧಾರವಾಡ ಪದರಗಳು ಅದಕ್ಕಿಂತ ಎಷ್ಟೋ ಕಿರಿಯ.

ಇನ್ನೂ ಬಗೆಹರಿಯದ ಪ್ರಶ್ನೆ ಒತ್ತಿದ್ದು ಯಾವ ಕಡೆಯಿಂದ ಅನ್ನುವುದು. ಪೂರ್ವ ಪಶ್ಚಿಮದಿಂದ ಭೂಖಂಡಗಳು ಒತ್ತಿದವು ಅನ್ನುವವರು ಒಂದು ಗುಂಪು. ಇನ್ನೊಂದು ಗುಂಪಿನವರು ಬೇರೆ ಮಾತು ಹೇಳುತ್ತಾರೆ. ಲಾವಾ ಮತ್ತು ಕಬ್ಬಿಣದ ಪದರಗಳು ಕೆಳಗಿನ ನೈಸ್‌ಗಿಂತ ಭಾರ. ಆ ಕಾಲದ ಭೂಮಿ ಈಗಿನದಕ್ಕಿಂತ ಬಿಸಿ. ಮೆತ್ತಗಾದ ನೆಲದೊಳಗೆ ಭಾರದ ಪದರ ತನ್ನಷ್ಟಕ್ಕೇ ಮುಳುಗಿತು, ಹಗುರ ನೈಸ್ ಗುಮ್ಮಟವಾಗಿ ಮೇಲೆ ಬಂತು. ಗುಮ್ಮಟಗಳ ನಡುವೆ ಸಿಕ್ಕಿಬಿದ್ದ ಪದರಗಳು ಹಿಂಡಿ ಮಡಿಕೆಯಾದವು. 1990ರ ದಶಕದಿಂದ ಈ ವಾದಕ್ಕೆ ಬಲ ಬಂದಿದೆ. ಪಶ್ಚಿಮದ ಕೆಲವು ಕಡೆ ಕಲ್ಲಿನ ಎಳೆತ ನೆಟ್ಟಗೆ ಕೆಳಮುಖವಾಗಿರುವುದು ಅದಕ್ಕೆ ಆಧಾರ. ಚಿತ್ರದುರ್ಗದ ಪಟ್ಟಿಯ ಆ ಉದ್ದ, ಆ ಜಾರುವಲಯ ನೋಡಿದರೆ ಬರೀ ಮುಳುಗುವಿಕೆಯಿಂದ ಅಷ್ಟಾಗಿರಲಾರದು ಅನ್ನಿಸುತ್ತದೆ. ಮೊದಲು ಮುಳುಗಿ, ಆಮೇಲೆ ಪಕ್ಕದಿಂದ ಒತ್ತಿಸಿಕೊಂಡದ್ದು ಅನ್ನುವುದು ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ.

ಬೆಂದದ್ದು ಎಷ್ಟು, ಮಡಿಸಿದ್ದು ಯಾವಾಗ

ಹೊಳೆನರಸೀಪುರದ ಕಡೆಯ ಶಿಸ್ಟ್‌ಗಳಲ್ಲಿ ಗಾರ್ನೆಟ್, ಕಯನೈಟ್, ಸ್ಟಾರೊಲೈಟ್ ಹರಳುಗಳು ಸಿಗುತ್ತವೆ. ಕೆಸರುಗಲ್ಲಿನ ಅದೇ ಅಲ್ಯುಮಿನಿಯಂ, ಸಿಲಿಕಾ ಬೇರೆ ಬೇರೆ ಬಿಸಿ ಒತ್ತಡದಲ್ಲಿ ಬೇರೆ ಬೇರೆ ಹರಳಾಗುತ್ತವೆ. ಕಯನೈಟ್ ಇದೆ ಅಂದರೆ ಒತ್ತಡ ಜಾಸ್ತಿ ಇತ್ತು ಅಂತ ಲೆಕ್ಕ. ಹಾಗಾಗಿ ಹರಳು ನೋಡಿ ಆಳ ಹೇಳಬಹುದು.

ಗಾರ್ನೆಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಬೆಳೆಯುವಾಗ ಸುತ್ತಲಿನ ಸಣ್ಣ ಬೆಣಚು ಕಾಳುಗಳನ್ನು ನುಂಗಿಕೊಳ್ಳುತ್ತದೆ. ಕಲ್ಲನ್ನು ಕಾಗದಕ್ಕಿಂತ ತೆಳ್ಳಗೆ, 0.03 ಮಿ.ಮೀ.ಗೆ ತೇಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಂಗಿದ ಕಾಳುಗಳ ಸಾಲು ಕಾಣುತ್ತದೆ. ಸಾಲು ನೇರವಾಗಿದ್ದು ಹೊರಗಿನ ಸೀಳು ಮಾತ್ರ ಬಾಗಿದ್ದರೆ ಗಾರ್ನೆಟ್ ಮಡಿಕೆಗೆ ಮೊದಲೇ ಬೆಳೆದಿದೆ. ಸಾಲು ಸುರುಳಿಯಾಗಿದ್ದರೆ ಹಿಂಡಾಟ ನಡೆಯುತ್ತಿರುವಾಗಲೇ ಬೆಳೆದಿದೆ. ಹೊರಗಿನ ಬಾಗಿದ ಸೀಳೇ ಬದಲಾಗದೆ ಒಳಗೂ ಮುಂದುವರಿದಿದ್ದರೆ ಎಲ್ಲ ಮುಗಿದ ಮೇಲೆ ಬೆಳೆದಿದೆ. ಹೊರಗೆ ಅಳಿಸಿಹೋದ ಹಳೇ ಸೀಳು ಎಷ್ಟೋ ಸಲ ಗಾರ್ನೆಟ್ಟಿನ ಹೊಟ್ಟೆಯಲ್ಲಿ ಮಾತ್ರ ಉಳಿದಿರುತ್ತದೆ.

ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಕಲ್ಲು ಬೆಂದದ್ದೂ ಜಾಸ್ತಿ. ಗದಗ, ಚಿತ್ರದುರ್ಗದ ಕಡೆ ಹಸಿರು ಕ್ಲೋರೈಟ್ ಇರುವ, ಕಡಿಮೆ ಬೆಂದ ಶಿಲೆ. ಹೊಳೆನರಸೀಪುರದಲ್ಲಿ ಗಾರ್ನೆಟ್, ಕಯನೈಟ್. ಬಿಳಿಗಿರಿರಂಗನ ಬೆಟ್ಟದಲ್ಲಿ ಚಾರ್ನೊಕೈಟ್, ಅದು 20 ಕಿ.ಮೀ.ಗೂ ಆಳದಲ್ಲಿ ಇದ್ದ ಕಲ್ಲು. ಇಡೀ ನೆಲ ಉತ್ತರಕ್ಕೆ ವಾಲಿ, ದಕ್ಷಿಣದಲ್ಲಿ ಸವೆದು ಆಳದ ಭಾಗ ಹೊರಗೆ ಬಂದಿದೆ. ಚಿತ್ರದುರ್ಗದಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗುವುದು ಅಂದರೆ ಭೂಮಿಯ ಆಳಕ್ಕೆ ಇಳಿಯುತ್ತಾ ಹೋಗುವುದು. ಮಡಿಕೆಯ ಬೇರು ಹೇಗಿರುತ್ತದೆ ಅಂತ ಬಾವಿ ತೋಡದೆ ನೋಡಬಹುದಾದ ಜಾಗಗಳು ಪ್ರಪಂಚದಲ್ಲಿ ಕಡಿಮೆ. ಇದು ಅವುಗಳಲ್ಲಿ ಒಂದು.

ಮಡಿಕೆಗೆ ನೇರವಾಗಿ ವಯಸ್ಸು ಹಾಕಲು ಬರಲ್ಲ. ಎರಡು ಕಡೆಯಿಂದ ಗೂಟ ಹೊಡೆಯಬೇಕು. ಮಡಿಸಿಕೊಂಡ ಅತಿ ಕಿರಿಯ ಪದರ ಯಾವುದು, ಮಡಿಕೆಯನ್ನು ಕತ್ತರಿಸಿದ ಅತಿ ಹಿರಿಯ ಶಿಲೆ ಯಾವುದು ಅಂತ ನೋಡಬೇಕು. ಧಾರವಾಡದ ಮೇಲಿನ ಪದರಗಳ ಜೊತೆಗಿರುವ ಜ್ವಾಲಾಮುಖಿ ಶಿಲೆ ಸುಮಾರು 261 ಕೋಟಿ ವರ್ಷದ್ದು. ಅದೂ ಮಡಿಸಿಕೊಂಡಿದೆ. ರಾಮನಗರದ ಬೆಟ್ಟಗಳನ್ನು ಮಾಡಿದ ಕ್ಲೋಸ್‌ಪೇಟೆ ಗ್ರಾನೈಟ್ ಹುಟ್ಟಿದ್ದು ಸುಮಾರು 251 ಕೋಟಿ ವರ್ಷಗಳ ಹಿಂದೆ. ಅಷ್ಟು ಹೊತ್ತಿಗೆ ದೊಡ್ಡ ಮಡಿಕೆಗಳ ಕೆಲಸ ಬಹುಪಾಲು ಮುಗಿದಿತ್ತು. ಹಾಗಾಗಿ ಮೇಲಿನ ಪದರಗಳು ಮಡಿಸಿಕೊಂಡದ್ದು ಈ 10 ಕೋಟಿ ವರ್ಷಗಳ ಒಳಗೆ.

ಇದೇ ಉಪಾಯವನ್ನು ಬರಿಗಣ್ಣಿನಲ್ಲಿ ನೋಡಬೇಕು ಅನ್ನುವವರು ಬಾಗಲಕೋಟೆ ಕಡೆ ಹೋಗಬೇಕು. ಅಲ್ಲಿನ ಕಲಾದಗಿ ಶಿಲೆಗಳು ಧಾರವಾಡಕ್ಕಿಂತ ಎಷ್ಟೋ ಕಿರಿಯ, ಬೆಂದದ್ದೂ ಕಡಿಮೆ. ಕೆಳಗಿನ ಬಾಗಲಕೋಟೆ ಪದರಗಳು, ಲೋಕಾಪುರದ ಸುಣ್ಣಕಲ್ಲು ಸೇರಿ, ಮಡಿಸಿಕೊಂಡಿವೆ. ಅವುಗಳ ತಲೆ ಸವೆದ ಮೇಲೆ ಬಂದು ಕೂತ ಬಾದಾಮಿಯ ಕೆಂಪು ಮರಳುಗಲ್ಲು ಇವತ್ತಿಗೂ ಮಟ್ಟಸ. ಚಾಲುಕ್ಯರ ಶಿಲ್ಪಿಗಳು ಗುಹೆ ಕೊರೆದದ್ದು ಆ ಮಟ್ಟಸ ಪದರಗಳಲ್ಲೇ. ಅಂದರೆ ಅಲ್ಲಿನ ಹಿಂಡಾಟ ಬಾದಾಮಿಯ ಮರಳು ಬರುವ ಮುಂಚೆಯೇ ನಿಂತುಹೋಗಿತ್ತು.

ಇದು ಬರೀ ಕುತೂಹಲದ ವಿಷಯ ಅಲ್ಲ. ಕಬ್ಬಿಣದ ಅದಿರು ಮಡಿಕೆಯ ತಿರುವಿನಲ್ಲಿ ದಪ್ಪವಾಗಿ, ತೋಳಿನಲ್ಲಿ ತೆಳ್ಳಗೆ ಇರುತ್ತದೆ. ಚಿನ್ನ ಹೊತ್ತ ಬಿಸಿನೀರು ಜಾರುವಲಯಗಳ ಬಿರುಕು ಹಿಡಿದು ಮೇಲೆ ಬಂದಿದೆ. ಮಡಿಕೆಯ ಅಕ್ಷ ಯಾವ ಕಡೆ ಇಳಿಯುತ್ತಿದೆ ಅಂತ ಗೊತ್ತಿಲ್ಲದೆ ಡ್ರಿಲ್ ಇಳಿಸಿದರೆ ಅದಿರಿನ ಪಕ್ಕದಲ್ಲೇ ಖಾಲಿ ಕಲ್ಲು ಸಿಗುತ್ತದೆ.

ನೀವೂ ನೋಡಬೇಕು ಅಂದರೆ ದೂರ ಹೋಗಬೇಕಿಲ್ಲ. ಲಾಲ್‌ಬಾಗ್ ಬಂಡೆಯ ಮೇಲೆ ಸಂಜೆಯ ಓರೆ ಬಿಸಿಲಲ್ಲಿ ಬೂದು ಮತ್ತು ಬಿಳಿ ಪಟ್ಟೆಗಳನ್ನು ಹಿಂಬಾಲಿಸಿ. ಬಾಗಿದ ಪಟ್ಟೆಯನ್ನು ಕತ್ತರಿಸಿಕೊಂಡು ಹೋಗುವ ಬಿಳಿ ಎಳೆ ಸಿಕ್ಕರೆ, ಆ ಎಳೆ ಬಾಗಿದ ಪಟ್ಟೆಗಿಂತ ಹೊಸದು. ಮಡಿಕೆ ಕಂಡರೆ ಪಕ್ಕದಲ್ಲಿ ಒಂದು ನಾಣ್ಯ ಅಥವಾ ಪೆನ್ನು ಇಟ್ಟು ಫೋಟೋ ತೆಗೆಯಿರಿ, ಉತ್ತರ ಯಾವ ಕಡೆ ಅಂತ ಬರೆದುಕೊಳ್ಳಿ. ಸುತ್ತಿಗೆ ಮಾತ್ರ ಬೇಡ. ಲಾಲ್‌ಬಾಗ್, ಮರಡಿಹಳ್ಳಿ ಎರಡೂ ಸಂರಕ್ಷಿತ ಸ್ಮಾರಕಗಳು. ಅಲ್ಲಿ ಒಂದು ತಿರುವು ಒಡೆದುಹೋದರೆ ಇನ್ನೊಂದು ತಂದಿಡಲು ಆಗಲ್ಲ.